ಇನ್ನೆರಡು ಚೇಂಜ್

ಆಗಸ್ಟ್ ೧೭

ಅಮ್ಮಾ,

ನಿನ್ನ ಪತ್ರ ಮಂಗಳವಾರ ಸಿಕ್ಕಿತು. ಟಿವಿ ಬಂದದ್ದು ಓದಿ ಮೊದಲು ಖುಷಿಯಾಯಿತು, ಆಮೇಲೆ ಒಂಥರಾ ಆಯಿತು. ಅಪ್ಪ ಕಾರು ಕಲಿಸುವ ಡ್ರೈವಿಂಗ್ ಸ್ಕೂಲಿನ ಓನರ್ ತಾವೇ ಬಂದು ಅವರಿಗೆ ಅಷ್ಟು ದೊಡ್ಡ ಎಚ್‌ಡಿ ಟಿವಿ ಕೊಟ್ಟು ಹೋದರು ಅಂದರೆ ಏನರ್ಥ? ಬೇಗ ಹುಷಾರಾಗಿ ಬನ್ನಿ ಅಂತಲೋ, ಇನ್ನು ಮನೆಯಲ್ಲೇ ಇರಿ ಅಂತಲೋ? ನೀನು ಅದನ್ನು ಬರೆದಿಲ್ಲ. ಹೋಗಲಿ ಬಿಡು.

ಅತ್ತೆ ಫಾರಿನ್‌ನಿಂದ ಕಳಿಸಿದ ಮಾತಿನ ಎಕ್ಸರ್‌ಸೈಜ್ ಡಿವಿಡಿಯನ್ನು ನಮ್ಮ ಹಳೇ ಪ್ಲೇಯರ್ ಓದದೆ ಉಗುಳುತ್ತಿದೆ ಅಂದೆಯಲ್ಲ, ಅದಕ್ಕೆ ವಯಸ್ಸಾಯಿತು, ಬಿಟ್ಟುಬಿಡು. ನನ್ನ ರೂಮಿನ ಕಂಪ್ಯೂಟರ್ ತಂದು ಟಿವಿ ಪಕ್ಕ ಇಡು. ಡಬ್ಬಿಯಲ್ಲಿ ಒಂದು ಕಪ್ಪು ಕೇಬಲ್ ಇದೆ, ಎರಡು ತುದಿಯೂ ಒಂದೇ ಥರ, ಚಪ್ಪಟೆ ಬಾಯಿ. ಒಂದು ತುದಿ ಕಂಪ್ಯೂಟರಿನ ಬೆನ್ನಿಗೆ, ಇನ್ನೊಂದು ಟಿವಿಯ ಬೆನ್ನಿಗೆ. ಬಲವಂತ ಮಾಡಬೇಡ, ತಿರುಗಿಸಿ ನೋಡು. ರಿಮೋಟಿನಲ್ಲಿ ‘ಇನ್‌ಪುಟ್’ ಅಂತ ಇರೋದನ್ನು ಒತ್ತುತ್ತಾ ಹೋದರೆ ನನ್ನ ವಾಲ್‌ಪೇಪರ್ ಬರುತ್ತದೆ. ಆಮೇಲೆ ಡಿಸ್ಕ್ ಹಾಕು. ಸ್ಕ್ರೀನ್ ಮೇಲೆ ಏನೇ ಬಾಕ್ಸ್ ಬಂದು ಏನೇ ಕೇಳಿದರೂ ಓಕೆ ಒತ್ತಿಬಿಡು. ಕಂಪ್ಯೂಟರ್ ಸುಮ್ಮನೆ ಕೇಳುತ್ತಿರುತ್ತದೆ, ಅದಕ್ಕೆ ಕೆಲಸವಿಲ್ಲ. ಹೆದರಬೇಡ.

ಥೆರಪಿ ಮೇಡಂ ಹೇಳಿದ್ದು ನೆನಪಿದೆ ತಾನೇ? ಆರು ತಿಂಗಳೊಳಗೆ ಚೇಂಜ್ ಕಾಣಬೇಕು, ಆಮೇಲೆ ಮಾತು ಬರೋದು ಕಷ್ಟ. ಜೂನ್‌ನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಗಿದ್ದು, ಅಂದರೆ ನಮಗಿರೋದು ಡಿಸೆಂಬರ್‌ವರೆಗೆ. ನನಗೂ ಇಲ್ಲಿ ಡಿಸೆಂಬರ್ ರಜೆಯ ತನಕ ಫೋನ್ ಕೊಡುವುದಿಲ್ಲ. ಫಸ್ಟ್ ಇಯರ್‌ನವರ ಫೋನೆಲ್ಲ ವಾರ್ಡನ್ ಬೀರುವಿನಲ್ಲಿ. ಹಾಗಾಗಿ ಬರೆಯುತ್ತಾ ಇರು. ನನ್ನ ಕನ್ನಡ ಸ್ಪೆಲಿಂಗ್ ನೋಡಿ ನಗಬೇಡ.

ಕ್ಲಾಸ್ ಎಲ್ಲ ಪರವಾಗಿಲ್ಲ. ಫಿಸಿಯೋಥೆರಪಿ ಅಂದರೆ ಕೈಕಾಲು ನೀವುವುದು ಅಂದುಕೊಂಡಿದ್ದೆ, ಮೊದಲ ವರ್ಷ ಪೂರ್ತಿ ಮೂಳೆ ಮತ್ತು ನರದ ಹೆಸರು.

ನಿನ್ನ ಮಗಳು

* * *

ಆಗಸ್ಟ್ ೨೯

ಪುಟ್ಟಿ,

ಹಳೇ ಪ್ಲೇಯರನ್ನು ಗುಜರಿಯವನಿಗೆ ಕೊಟ್ಟೆ. ನಿನ್ನ ಕೇಬಲ್ ಹಾಕುವುದರೊಳಗೆ ನನ್ನ ಅರ್ಧ ಆಯಸ್ಸು ಹೋಯಿತು. ಕೊನೆಗೆ ಎದುರುಮನೆಯ ಎಲೆಕ್ಟ್ರಿಷಿಯನ್ನನ್ನು ಕರೆದೆ. ಅವನು ಟಿವಿ ಹಿಂದೆ ತಲೆ ತೂರಿಸಿಕೊಂಡು, “ಏನಿಲ್ಲ ಅಕ್ಕ, ಸೂಜಿಗೆ ದಾರ ಪೋಣಿಸಿದ ಹಾಗೆ” ಅಂದ. “ದಿನಕ್ಕೆ ಎಂಟು ಪರದೆ ಹೊಲೀತೀನಪ್ಪ, ಸೂಜಿ ವಿಷಯ ನನಗೆ ಹೇಳಬೇಡ, ವೈರ್ ನೋಡು” ಅಂದೆ. ನಿಮ್ಮಪ್ಪನಿಗೆ ನಗು ಬಂತು. ಮಾತು ಹೋದರೂ ನಗು ಹಳೆಯದೇ ಇದೆ, ಹೊಟ್ಟೆಯಿಂದ ಬರುವುದು.

ಡಿಸ್ಕ್ ಹಾಕಿದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಬಾಕ್ಸ್ ಬಂತು. ಏನೋ ಉದ್ದಕ್ಕೆ ಬರೆದು ಕೊನೆಗೆ ೪ ಅಂತ ಇತ್ತು. ನೀನು ಹೇಳಿದ ಹಾಗೆ ಓಕೆ ಒತ್ತಿದೆ. ಬಂತು ನೋಡು ಒಂದು ಹೆಂಗಸಿನ ಬಾಯಿ! ಬರೀ ಬಾಯಿ, ಗೋಡೆ ತುಂಬ. ಎಚ್‌ಡಿ ಅಂದರೆ ಇಷ್ಟು ಸ್ಪಷ್ಟ ಅಂತ ಗೊತ್ತಿರಲಿಲ್ಲ, ತುಟಿಯ ಒಂದೊಂದು ಗೆರೆ, ಮೇಲ್ತುಟಿಯ ಸಣ್ಣ ಕೂದಲು ಎಲ್ಲ ಕಾಣುತ್ತದೆ. ಅದು ‘ಪ’ ಅನ್ನುತ್ತದೆ, ನಿಲ್ಲುತ್ತದೆ, ನಾವು ‘ಪ’ ಅನ್ನಬೇಕು. ನಾನು ಅಂದೆ. ನಿಮ್ಮಪ್ಪ ನನ್ನನ್ನು ನೋಡಿದರು. “ನನ್ನನ್ನಲ್ಲ, ಅವಳನ್ನು ನೋಡ್ರಿ” ಅಂದೆ. ತುಟಿ ಸೇರಿತು, ಗಾಳಿ ಬಂತು, ‘ಪ’ ಬರಲಿಲ್ಲ. ಅವರಿಗೆ ಬರುವುದು ಒಂದೇ, ‘ಹೂಂ’. ಬೇಕು ಅಂದರೂ ಹೂಂ, ಬೇಡ ಅಂದರೂ ಹೂಂ. ದನಿ ಎತ್ತರ ನೋಡಿ ನಾನು ತಿಳಿದುಕೊಳ್ಳಬೇಕು.

ಓನರ್ ಬಂದಾಗ ಏನು ಹೇಳಿದರು ಅಂತ ಕೇಳಿದ್ದೀಯ. “ಮೇಷ್ಟ್ರೇ, ರೆಸ್ಟ್ ತಗೊಳ್ಳಿ” ಅಂದರು. ಅಷ್ಟೇ.

ಊಟ ಸರಿಯಾಗಿ ಮಾಡು.

ಅಮ್ಮ

* * *

ಸೆಪ್ಟೆಂಬರ್ ೮

ಅಮ್ಮಾ,

ಗಾಳಿ ಬಂತು ಅಂದರೆ ಅರ್ಧ ಗೆದ್ದ ಹಾಗೆ! ‘ಪ, ಬ, ಮ’ ಮೂರೂ ತುಟಿಯವು. ಮೆದುಳಿನ ಎಡಗಡೆ ಏಟಾದಾಗ ಮಾತೂ ಬಲಗೈ ಬಲಗಾಲೂ ಒಟ್ಟಿಗೆ ಹೋಗುತ್ತವೆ, ಆದರೆ ದಿನಾ ಅದನ್ನೇ ಮಾಡುತ್ತಿದ್ದರೆ ಪಕ್ಕದ ಜಾಗ ಆ ಕೆಲಸ ಕಲಿಯುತ್ತದೆ ಅಂತ ಲೆಕ್ಚರರ್ ಹೇಳಿದರು. ನಾನು ಅದನ್ನು ನೋಟ್ಸಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಟೈಮ್‌ಟೇಬಲ್ ಕಳಿಸುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ‘ಪ’, ನೀನು ಪರದೆ ಅಂಗಡಿಗೆ ಹೊರಡುವ ಮೊದಲು ಹನ್ನೊಂದಕ್ಕೆ ‘ಬ’, ಅಲ್ಲಿಂದ ಬಂದ ಮೇಲೆ ನಾಲ್ಕಕ್ಕೆ ‘ಮ’, ಆರಕ್ಕೆ ಮೂರೂ ಒಟ್ಟಿಗೆ. ಮಾಡಿದ್ದಕ್ಕೆ ಟಿಕ್ ಹಾಕು. ಟಿವಿ ಮೇಲೆ ಅಂಟಿಸು. ಬೇಡ ಅಂದರೆ ಬಿಡಬೇಡ, ಅವರು ಕಲಿಸುವಾಗ ಯಾರನ್ನಾದರೂ ಬಿಟ್ಟಿದ್ದಾರಾ?

ನಿನಗೆ ಒಂದು ವಿಷಯ ಹೇಳಬೇಕು. ಐದನೇ ಕ್ಲಾಸಿನಿಂದ ನಾನು ಹಾಸ್ಟೆಲ್. ನೀನಾದರೆ ನನ್ನ ಬಟ್ಟೆಯಲ್ಲಿದ್ದೆ, ಒಂದೊಂದು ಹೊಲಿಗೆಯಲ್ಲೂ ಇದ್ದೆ. ಅಪ್ಪ ಅಂದರೆ ಭಾನುವಾರ ಹತ್ತು ಗಂಟೆಗೆ ಆಫೀಸ್ ರೂಮಿಗೆ ಬರುವ ಒಂದು ದನಿ. “ಏನೇ ಪಿಟೀಲು, ರಾಗ ಶುರುವಾ?” ಅನ್ನುತ್ತಿದ್ದರು, ನಾನು ಅಳುವುದಕ್ಕೆ ಮೊದಲೇ. ನಾನು ಅಳುತ್ತಿದ್ದೆ. ಅವರು ಫೋನಿನಲ್ಲೇ ಗೇರ್ ಹಾಕಿಸುತ್ತಿದ್ದರು. “ಕ್ಲಚ್ ಒತ್ತು. ಮೂಗು ಒರೆಸು. ಫಸ್ಟ್ ಗೇರ್. ನಿಧಾನ.” ಎಂಟು ವರ್ಷ, ಅಮ್ಮ. ಮುಖ ನೆನಪು ಮಾಡಿಕೊಂಡರೆ ರಜೆಯ ನಾಲ್ಕೈದು ಚಿತ್ರ ಬರುತ್ತದೆ, ದನಿ ಮಾತ್ರ ಪೂರ್ತಿ ಇತ್ತು. ಈಗ ಅದೇ ಇಲ್ಲ ಅಂದರೆ ನನ್ನ ಹತ್ತಿರ ಅಪ್ಪ ಅನ್ನೋದು ಎಷ್ಟು ಉಳಿಯಿತು ಹೇಳು.

‘ಪ’ ಬಂದರೆ ‘ಪಿ’ ಬರುತ್ತದೆ. ಅಷ್ಟೇ ಸಾಕು ನನಗೆ.

ನಿನ್ನ ಮಗಳು

* * *

ಸೆಪ್ಟೆಂಬರ್ ೨೪

ಪುಟ್ಟಿ,

ಟೈಮ್‌ಟೇಬಲ್ ಅಂಟಿಸಿದ್ದೇನೆ. ಟಿಕ್ ಹಾಕುತ್ತಿದ್ದೇನೆ. ಎಲ್ಲ ದಿನ ಅಲ್ಲ.

ಇಲ್ಲಿ ಒಂದು ವಿಷಯವಾಯಿತು. ನಿಮ್ಮಪ್ಪನ ಹತ್ತಿರ ಕಾರು ಕಲಿತಿದ್ದ ಹಲ್ಲಿನ ಡಾಕ್ಟರಮ್ಮ ಬಂದಿದ್ದರು. ನೆನಪಿದೆಯಾ, ಮೂರು ಸಲ ಟೆಸ್ಟಿನಲ್ಲಿ ಫೇಲಾಗಿದ್ದವರು. “ಮೇಷ್ಟ್ರೇ, ಈಗ ರಿವರ್ಸ್‌ನಲ್ಲಿ ಗೇಟು ದಾಟಿಸ್ತೀನಿ, ಗೇಟಿಗೇನೂ ಆಗಲ್ಲ” ಅಂತ ಬಂದ ಕೂಡಲೇ ನಗಿಸಿದರು. ಒಂದು ಡಿವಿಡಿ ಕೊಟ್ಟರು. ಕಥೆ ಗಿಥೆ ಇಲ್ಲ, ಯಾರೋ ಕಾರಿನ ಮುಂದೆ ಕ್ಯಾಮೆರಾ ಕಟ್ಟಿ ಬೆಟ್ಟದ ರಸ್ತೆ, ಸಮುದ್ರದ ಪಕ್ಕದ ರಸ್ತೆ ಅಂತ ಎರಡು ಗಂಟೆ ಓಡಿಸಿದ್ದಾರೆ. ಅಷ್ಟು ದೊಡ್ಡ ಟಿವಿಯಲ್ಲಿ ಹಾಕಿದರೆ ನಮ್ಮ ಸೋಫಾವೇ ಹೊರಟ ಹಾಗಿರುತ್ತದೆ. ನನಗೆ ಒಂದು ತಿರುವಿನಲ್ಲಿ ವಾಂತಿ ಬರುವ ಹಾಗಾಯಿತು.

ಆ ತಿರುವಿನಲ್ಲೇ ನೋಡಿದ್ದು. ಅವರ ಬಲಗಾಲು. ಜೂನ್‌ನಿಂದ ಮರದ ಕೊರಡಿನ ಹಾಗೆ ಬಿದ್ದಿದ್ದ ಪಾದ, ಎದುರಿಗೆ ಲಾರಿ ಬಂದಾಗ ನೆಲವನ್ನು ಒತ್ತಿತು. ಬ್ರೇಕು! ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಕಲಿಯುವವರ ಜೀವ ಉಳಿಸಿದ ಬ್ರೇಕು. ಥೆರಪಿ ಮೇಡಂಗೆ ತೋರಿಸಿದೆ, ಆಗಾಗ ಇದನ್ನು ತೋರಿಸ್ತಾ ಇರಿ ಅಂದರು.

ಇನ್ನೊಂದು ಸಂತೋಷದ ಸುದ್ದಿ. ರಸ್ತೆ ಡಿಸ್ಕ್ ಹಾಕಿದಾಗ ಆ ಬಾಕ್ಸ್ ಮತ್ತೆ ಬಂತು. ಈ ಸಲ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದೆ. ‘ಚೇಂಜಸ್ ರಿಮೇನಿಂಗ್ ೩’. ಮಾರನೇ ದಿನ ಎಕ್ಸರ್‌ಸೈಜ್ ಹಾಕಿದೆ, ‘೨’. ಮೊದಲು ನಾಲ್ಕಿತ್ತು, ನೋಡು! ಮೇಡಂ ಹೇಳಿದ ಚೇಂಜೇ ಇದು. ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೋ, ಅಂತೂ ಎಣಿಸುತ್ತಿದೆ. ಓಕೆ ಒತ್ತಿ ನಿಮ್ಮಪ್ಪನಿಗೆ “ಇನ್ನೆರಡೇ ರೀ, ಇನ್ನೆರಡು ಚೇಂಜ್ ಆದರೆ ಮುಗೀತು” ಅಂದೆ. ಅವರೂ ಪರದೆಯಲ್ಲಿ ೨ ನೋಡಿ ಹೂಂ ಅಂದರು, ಎತ್ತರದ ಹೂಂ. ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಅಮ್ಮ

* * *

ಅಕ್ಟೋಬರ್ ೨

ಅಮ್ಮಾ, ಓದಿದ ಕೂಡಲೇ ಮಾಡು, ಆಮೇಲೆ ಅಂತ ಇಡಬೇಡ.

ಎಕ್ಸರ್‌ಸೈಜ್ ಡಿಸ್ಕ್ ಕಂಪ್ಯೂಟರಿನೊಳಗೇ ಇರಲಿ. ರಸ್ತೆ ಡಿಸ್ಕ್ ಹಾಕಬೇಡ. ಅದನ್ನು ಬೀರುವಿನ ಮೇಲೆ ಇಡು.

ಆ ನಂಬರ್ ಅಪ್ಪನದಲ್ಲ, ಅಮ್ಮ. ಡಿವಿಡಿಗಳಿಗೆ ಪ್ರಪಂಚವನ್ನು ಹಂಚಿ ಹಾಕಿದ್ದಾರಂತೆ, ಇಲ್ಲಿಯ ಡಿಸ್ಕ್ ಬೇರೆ, ಅತ್ತೆ ಇರುವ ಕಡೆಯದು ಬೇರೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಕಂಪ್ಯೂಟರಿನ ಡಿಸ್ಕ್ ಡ್ರೈವ್ ಕೆಲವೇ ಸಲ ಬಿಡುತ್ತದೆ. ‘ಚೇಂಜಸ್ ರಿಮೇನಿಂಗ್’ ಅಂದರೆ ಇನ್ನೆಷ್ಟು ಸಲ ಬದಲಾಯಿಸಬಹುದು ಅಂತ. ಬಾಕ್ಸಿನಲ್ಲಿ ೨ ಇದ್ದಾಗ ನೀನು ಓಕೆ ಒತ್ತಿದ್ದರಿಂದ ಈಗ ಒಂದು ಉಳಿದಿದೆ. ಸದ್ಯ ಡ್ರೈವ್ ಅತ್ತೆಯ ಡಿಸ್ಕಿನ ಕಡೆ ಇದೆ. ರಸ್ತೆ ಡಿಸ್ಕ್ ಹಾಕಿ ಇನ್ನೊಂದು ಸಲ ಓಕೆ ಅಂದರೆ ಅಲ್ಲಿಗೇ ಬೀಗ ಬೀಳುತ್ತದೆ, ಎಕ್ಸರ್‌ಸೈಜ್ ಮತ್ತೆ ಬರಲ್ಲ.

ನನಗೆ ಇದೆಲ್ಲ ಗೊತ್ತಿರಲಿಲ್ಲ. ನಿನ್ನ ಪತ್ರವನ್ನು ನನ್ನ ರೂಮ್‌ಮೇಟ್‌ಗೆ ಖುಷಿಯಿಂದ ಓದಿ ಹೇಳಿದೆ. ಅವಳನ್ನು ನಾವು ಡೀಸೆಲ್ ಅನ್ನುತ್ತೇವೆ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಅರ್ಧ ಗಂಟೆ ಬೇಕು. ಅವಳು ನಗಲಿಲ್ಲ. “ಲೇ, ನಿಮ್ಮಮ್ಮನಿಗೆ ಓಕೆ ಒತ್ತು ಅಂತ ಹೇಳಿದ್ಯಾರು?” ಅಂದಳು. ನಾನೇ. ನಾನೇ ಬರೆದದ್ದು, ಏನೇ ಕೇಳಿದರೂ ಓಕೆ ಅಂತ.

ಕೆಳಗೆ ಓಡಿದೆ. ವಾರ್ಡನ್ ಎಮರ್ಜೆನ್ಸಿಗೆ ಮಾತ್ರ ಫೋನ್ ಕೊಡುತ್ತಾರೆ.

“ಏನಮ್ಮ, ಯಾರಿಗೆ ಏನಾಯ್ತು?”

“ಯಾರಿಗೂ ಏನೂ ಆಗಿಲ್ಲ ಮೇಡಂ. ಡಿವಿಡಿ... ಅಮ್ಮ ಡಿವಿಡಿ ಬದಲಾಯಿಸಿಬಿಡ್ತಾರೆ.”

“ಡಿವಿಡಿ?”

“ನಮ್ಮಪ್ಪನಿಗೆ ಮಾತು ಬರಲ್ಲ ಮೇಡಂ.”

“ಮಾತು ಬರದವರ ಹತ್ತಿರ ಫೋನಲ್ಲಿ ಏನು ಮಾತಾಡ್ತೀಯಾ?”

ಅವರು ಕೆಟ್ಟವರಲ್ಲ, ಬೇಕೂ ಅಂತ ಅಂದಿದ್ದಲ್ಲ. ಹಿಂದೆ ಇದ್ದ ಹುಡುಗಿಯರು ನಕ್ಕರು. ನನಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಿತ್ತು, ಥ್ಯಾಂಕ್ಯೂ ಮೇಡಂ ಅಂತ ಅಂದು ವಾಪಸ್ ಬಂದೆ. ಯಾವುದಕ್ಕೆ ಥ್ಯಾಂಕ್ಯೂನೋ.

ಪತ್ರ ತಲುಪಲು ಐದು ದಿನ. ಅಷ್ಟರೊಳಗೆ ನೀನು ಅವರ ಕಾಲಿಗೆ ಅಂತ ಮತ್ತೆ ರಸ್ತೆ ಹಾಕಿದರೆ? ನಾನು ಇಲ್ಲಿ ಕೂತು ಏನು ಮಾಡಲಿ? ಪ್ಲೀಸ್ ಅಮ್ಮ. ಕಾಲು ನಿಧಾನಕ್ಕೆ ಬರುತ್ತದೆ, ಅದಕ್ಕೆ ವರ್ಷಗಳಿವೆ. ಮಾತಿಗೆ ಡಿಸೆಂಬರ್.

ಮಗಳು

* * *

ಅಕ್ಟೋಬರ್ ೧೩

ಪುಟ್ಟಿ,

ನಿನ್ನ ಪತ್ರ ಬರುವವರೆಗೆ ಡಿಸ್ಕ್ ಬದಲಾಯಿಸಿರಲಿಲ್ಲ. ಎರಡು ವಾರ ಅಂಗಡಿಯಲ್ಲಿ ಒಂದು ಹೋಟೆಲಿನ ಪರದೆ ಆರ್ಡರ್ ಇತ್ತು, ಬಿಡುವಿರಲಿಲ್ಲ.

ಪತ್ರವನ್ನು ಎಂದಿನ ಹಾಗೆ ಅವರ ಮುಂದೆ ಕೂತು ಜೋರಾಗಿ ಓದಿದೆ. ಚೇಂಜಿನ ವಿಷಯ ಬಂದಾಗ ನನಗೇ ನಾಚಿಕೆಯಾಯಿತು. ಅಂಗಡಿಯಲ್ಲಿ ಸಿಹಿ ಹಂಚಿದ್ದೆ ಕಣೇ. ಅವರು ನನ್ನ ಕೈಮೇಲೆ ಎಡಗೈ ಇಟ್ಟರು. ಪೂರ್ತಿ ಓದಿಸಿದರು, ವಾರ್ಡನ್ ಹೇಳಿದ್ದನ್ನೂ.

ಮಾರನೇ ಬೆಳಿಗ್ಗೆ ಎಂಟಕ್ಕೆ ನಾನು ‘ಪ’ ಹಾಕಲು ಬಂದಾಗ ಅವರು ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಬಲಗಾಲು ಎಳೆದುಕೊಂಡು ಹೋಗಿ, ಬೀರುವಿನ ಮೇಲಿಂದ ರಸ್ತೆ ಡಿಸ್ಕನ್ನು ಊರುಗೋಲಿನಲ್ಲಿ ಕೆಡವಿಕೊಂಡಿದ್ದಾರೆ. ಎಡಗೈಯಲ್ಲಿ ಹಾಕಿದರು. ಬಾಕ್ಸ್ ಬಂತು. ‘೧’ ಅಂತ ನನಗೂ ಕಾಣಿಸಿತು, ಅವರಿಗೂ ಕಾಣಿಸಿತು. ನನ್ನನ್ನು ನೋಡಿದರು. ಓಕೆ ಒತ್ತಿದರು.

ನಾನು ಪಕ್ಕದಲ್ಲೇ ಇದ್ದೆ. ಸುಳ್ಳು ಬರೆಯುವುದಿಲ್ಲ.

ಅಮ್ಮ

* * *

ಅಕ್ಟೋಬರ್ ೨೦

ಅಮ್ಮ,

ಕೈ ಹಿಡಿಯಬಹುದಿತ್ತು. ಪ್ಲಗ್ ಕೀಳಬಹುದಿತ್ತು. ಬೇಡ ರೀ ಅನ್ನಬಹುದಿತ್ತು, ನಿನಗೆ ಮಾತು ಬರುತ್ತಲ್ಲ.

ಡೀಸೆಲ್ ಹೇಳುತ್ತಾಳೆ, ಹೊರಗಿನಿಂದ ಜೋಡಿಸುವ ಬೇರೆ ಡ್ರೈವ್ ಸಿಗುತ್ತದಂತೆ, ಹೊಸದಕ್ಕೆ ಹೊಸ ಚೇಂಜಸ್ ಇರುತ್ತವೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ತರಿಸು. ನವೆಂಬರ್ ಮೊದಲ ವಾರದೊಳಗೆ ಬಂದರೂ ಐದು ವಾರ ಸಿಗುತ್ತದೆ. ದಿನಕ್ಕೆ ನಾಲ್ಕರ ಬದಲು ಆರು ಸಲ ಮಾಡಿಸಿದರೆ ಸರಿಹೋಗುತ್ತದೆ. ಟೈಮ್‌ಟೇಬಲ್ ಹೊಸದು ಹಿಂದಿನ ಪುಟದಲ್ಲಿದೆ.

* * *

ನವೆಂಬರ್ ೯

ಪುಟ್ಟಿ,

ಸಹಿ ಇಲ್ಲದ ಪತ್ರ ಬಂತು. ಹಿಂದಿನ ಪುಟ ಅಂಟಿಸಿಲ್ಲ. ಡ್ರೈವೂ ತರಿಸುವುದಿಲ್ಲ. ಇದು ಕಂಪ್ಯೂಟರಿನ ವಿಷಯ ಅಲ್ಲ.

ನಾನು ನಿನಗೆ ಟಿಕ್ ಹಾಕುತ್ತಿದ್ದೇನೆ ಅಂತ ಬರೆದೆ, ಆ ಗಂಟೆಗಳಲ್ಲಿ ಏನಾಗುತ್ತಿತ್ತು ಅಂತ ಬರೆಯಲಿಲ್ಲ. ಆ ಬಾಯಿ ಗೋಡೆ ತುಂಬ ತೆರೆಯುತ್ತಿತ್ತು. ಅವರು ತುಟಿ ಒತ್ತಿ ಒತ್ತಿ ಬೆವರುತ್ತಿದ್ದರು, ಜೊಲ್ಲು ಅಂಗಿಯ ಮೇಲೆ ಬೀಳುತ್ತಿತ್ತು, ನಾನು ಒರೆಸುತ್ತಿದ್ದೆ, ಅದು ಮತ್ತೆ ‘ಪ’ ಅನ್ನುತ್ತಿತ್ತು. ಅದಕ್ಕೆ ಸುಸ್ತಾಗುವುದಿಲ್ಲ. ಒಂದು ದಿನ ಎದುರುಮನೆಯ ಚಿಕ್ಕಮಗು ಬಾಗಿಲಲ್ಲಿ ನಿಂತು ನೋಡುತ್ತಾ ಚೆನ್ನಾಗಿ, ದುಂಡಗೆ, ‘ಪ’ ಅಂತು. ಅವರು ಗೋಡೆಯ ಕಡೆ ತಿರುಗಿಕೊಂಡರು. ಆ ದಿನವೂ ನಾನು ಟಿಕ್ ಹಾಕಿದೆ. ನಿನಗೋಸ್ಕರ.

ಜೂನ್‌ನಿಂದ ಎಲ್ಲರೂ ಅವರಿಗೆ ಕಲಿಸುವವರೇ. ಮೇಡಂ ಕಲಿಸುತ್ತಾರೆ, ನಾನು ಕಲಿಸುತ್ತೇನೆ, ಟಿವಿ ಕಲಿಸುತ್ತದೆ, ನೀನು ಅಲ್ಲಿಂದ ಕಲಿಸುತ್ತೀಯ. ಮೇಡಂ ಕಳೆದ ವಾರ ನನ್ನನ್ನು ಹೊರಗೆ ಕರೆದು ಹೇಳಿದರು. ನಾಲ್ಕೈದು ಪದ ಬಂದರೂ ಬರಬಹುದು, ಬರದೆಯೂ ಇರಬಹುದು. ಅವರಿಗೆ ಒಳಗೆ ಕೇಳಿಸಿತು ಅಂತ ಕಾಣುತ್ತದೆ. ಗೊತ್ತಿತ್ತು ಅನ್ನಿಸುತ್ತದೆ, ನಮಗಿಂತ ಮೊದಲೇ.

ನಾನು ಯಾಕೆ ಕೈ ಹಿಡಿಯಲಿಲ್ಲ ಅಂತ ಕೇಳಿದ್ದೀಯ. ಐದು ತಿಂಗಳಲ್ಲಿ ಅವರು ತಾವಾಗಿ ಮಾಡಿದ ಮೊದಲ ಕೆಲಸ ಅದು. ನಾನು ನೋಡುತ್ತಾ ನಿಂತೆ. ತಪ್ಪೋ ಸರಿಯೋ ಗೊತ್ತಿಲ್ಲ. ಕೆಲವು ದಿನ ತಪ್ಪು ಅನ್ನಿಸಿ ಮಷಿನ್ ಮೇಲೆ ಕೈ ಓಡುವುದಿಲ್ಲ.

ಒಂದು ವಿಷಯ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಅವರಿಗೆ ಈಗಲೂ ಓದಲು ಬರುತ್ತದೆ, ನಿಧಾನವಾಗಿ. ರಸ್ತೆ ಬೋರ್ಡಿನಷ್ಟು ದೊಡ್ಡದಾಗಿ ಇದ್ದರೆ ಬೇಗ. ನಿನ್ನ ಪತ್ರ ಬಂದಾಗಲೆಲ್ಲ ನಾನು ಓದಿ ಮುಗಿಸಿದ ಮೇಲೆ ಕಾಗದ ಕೇಳಿ ಪಡೆದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹುಡುಕುತ್ತಾರೆ. ಏನು ಹುಡುಕುತ್ತಾರೆ ಅಂತ ಮೊದಲು ತಿಳಿಯಲಿಲ್ಲ. ಮೇಲಿನ ಸಾಲಿಗೆ ಹೋಗುತ್ತಾರೆ, ಅಲ್ಲಿ ‘ಅಮ್ಮಾ’ ಅಂತ ಇರುತ್ತದೆ. ಮಡಚಿ ಕೊಡುತ್ತಾರೆ.

ನೀನು ಇಷ್ಟು ತಿಂಗಳಲ್ಲಿ ಅವರ ಬಗ್ಗೆ ಬರೆದೆ. ಅವರಿಗೆ ಒಂದೂ ಬರೆಯಲಿಲ್ಲ.

ಅಮ್ಮ

* * *

ನವೆಂಬರ್ ೨೧

ಅಪ್ಪಾ,

ದೊಡ್ಡದಾಗಿ ಬರೆಯುತ್ತಿದ್ದೇನೆ. ಒಂದು ಸಾಲಿಗೆ ನಾಲ್ಕೇ ಪದ. ಕವರಿನ ಮೇಲೆ ನಿಮ್ಮ ಹೆಸರು ಮಾತ್ರ ಇದೆ. ನೀವೇ ಒಡೆಯಿರಿ, ನೀವೇ ಓದಿ. ಎಷ್ಟು ದಿನ ಬೇಕಾದರೂ ತಗೊಳ್ಳಿ.

ನಾನು ಅನಾಟಮಿಯಲ್ಲಿ ಫೇಲಾಗಿದ್ದೇನೆ. ನಲವತ್ತಕ್ಕೆ ಹನ್ನೊಂದು.

ಮೆದುಳಿನ ಚಿತ್ರ ಕೊಟ್ಟಿದ್ದರು. ಎಡಗಡೆಯ ಭಾಗಗಳಿಗೆ ಹೆಸರು ಬರೆಯಬೇಕಿತ್ತು. ಎಲ್ಲ ಹೆಸರೂ ನನಗೆ ಗೊತ್ತಿತ್ತು, ಅಪ್ಪ. ಒಂದೊಂದೂ ಬಾಯಿಯವರೆಗೆ ಬಂತು. ಕೈಗೆ ಬರಲಿಲ್ಲ. ಪಕ್ಕದವಳು ಪುಟ ತಿರುಗಿಸುವ ಸದ್ದು ಕೇಳುತ್ತಾ ಕೂತಿದ್ದೆ. ಬೆಲ್ ಆಯಿತು.

ಮತ್ತೆ ಬರೆಯಲು ಜನವರಿಯಲ್ಲಿ ಒಂದು ಚಾನ್ಸ್ ಇದೆ. ಬರೆಯಬೇಕೋ, ಕೋರ್ಸ್ ಬಿಟ್ಟು ಬರಬೇಕೋ ತಿಳಿಯುತ್ತಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ. ಡೀಸೆಲ್‌ಗೆ ಪಾಸ್ ಅಂತ ಸುಳ್ಳು ಹೇಳಿದ್ದೇನೆ. ನನಗೆ ತುಂಬ ಹೆದರಿಕೆಯಾಗುತ್ತಿದೆ.

ಡಿಸೆಂಬರ್ ಹದಿನಾಲ್ಕಕ್ಕೆ ಬರುತ್ತೇನೆ. ಏನು ಮಾಡೋಣ ಅಂತ ನೀವು ಅಷ್ಟರೊಳಗೆ ಯೋಚಿಸಿ ಇಡಿ.

ಅಮ್ಮನಿಗೆ ಹೇಳಬೇಡಿ.

ನಿಮ್ಮ ಮಗಳು